ಗಾಂಧಾರಿಯ ಸಣ್ಣ ದನಿ

ಗ್ರಾಮಾಫೋನ್ ಅಂದಕೂಡಲೆ ಎಲ್ಲರ ಕಣ್ಣಿಗೆ ಬರುವುದು ಆ ಹಿತ್ತಾಳೆಯ ಕೊಳವೆ. ಆದರೆ ಹಾಡುವುದು ಅದಲ್ಲ. ಸೂಜಿಯ ಮೇಲೆ, ಅಂಗೈ ನಡುವೆ ಕೂರುವಷ್ಟು ದೊಡ್ಡ ದುಂಡನೆಯ ಡಬ್ಬಿಯೊಂದು ಇರುತ್ತದೆ, ಸೌಂಡ್ ಬಾಕ್ಸ್. ಅದರೊಳಗೆ ಕಾಗೆಬಂಗಾರದ ತೆಳು ಬಿಲ್ಲೆ. ಪ್ಲೇಟಿನ ಗೆರೆಯಲ್ಲಿ ಸೂಜಿ ಎಡಕ್ಕೆ ಬಲಕ್ಕೆ ಅಲುಗಿದಾಗ, ಅದನ್ನು ಹಿಡಿದ ಕಡ್ಡಿ ಏತದ ಹಾಗೆ ತೂಗಿ ಬಿಲ್ಲೆಯ ನಡುವನ್ನು ತಳ್ಳುತ್ತದೆ, ಎಳೆಯುತ್ತದೆ. ಬಿಲ್ಲೆ ಗಾಳಿಯನ್ನು ನಡುಗಿಸುತ್ತದೆ. ಕೊಳವೆ ಆ ನಡುಕವನ್ನು ದೊಡ್ಡದು ಮಾಡಿ ಹೊರಗೆ ಬಿಡುತ್ತದೆ, ಅಷ್ಟೆ. ಕರೆಂಟಿಲ್ಲ, ಬ್ಯಾಟರಿಯಿಲ್ಲ.

ಯಲಬುರ್ಗಾದ ನಮ್ಮ ಮನೆಯ ಪೆಟ್ಟಿಗೆ ಮುತ್ತಜ್ಜನ ಕಾಲದ್ದು. ಚಾವಿ ಕೊಟ್ಟರೆ ತಿರುಗುತ್ತಿತ್ತು, ಪ್ಲೇಟು ಇಟ್ಟರೆ ಮಾತ್ರ ತಗಡಿನ ಡಬ್ಬಿಯಲ್ಲಿ ಜೀರುಂಡೆ ಸಿಕ್ಕ ಹಾಗೆ ಜರ್ರೆನ್ನುತ್ತಿತ್ತು. ಗಂಗಾವತಿ ಕಡೆಯ ರೆಸಾರ್ಟಿನವರೊಬ್ಬರು ಅದನ್ನು ಬಾಗಿಲಲ್ಲಿ ಅಲಂಕಾರಕ್ಕೆ ಇಡಲು ಕೇಳಿದ್ದರು. ಕೊಡುತ್ತೇವೆಂದ ರೊಕ್ಕ ಕಡಿಮೆಯೇನಲ್ಲ. ಕಾಕಾನ ಲೆಕ್ಕ ಸರಳವಾಗಿತ್ತು. “ಹಾಡಂಗಿದ್ರ ಇಟ್ಕೊಳ್ಳೋಣು. ಹಾಡಲಿಲ್ಲಂದ್ರ ಮನ್ಯಾಗಿದ್ರೇನು, ಅವರ ಬಾಗಿಲದಾಗಿದ್ರೇನು?” ದೀಪಾವಳಿಯವರೆಗೆ ನನಗೆ ಗಡುವು ಕೊಟ್ಟ. ಕಂಪನಿ ನಾಟಕದ ಹಾಡುಗಳ ಮೇಲೆ ಪಿಎಚ್‌ಡಿ ಮಾಡುತ್ತಿರುವವಳು ನಾನು. ಆ ಕಾಲದ ಪ್ಲೇಟುಗಳನ್ನು ಮೊಬೈಲಿನಲ್ಲಿ ಕೇಳಿಯೇ ಟಿಪ್ಪಣಿ ಬರೆದುಕೊಂಡವಳು.

ಸೌಂಡ್ ಬಾಕ್ಸೊಂದನ್ನೇ ಬಿಚ್ಚಿ, ಹತ್ತಿಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ಕುಷ್ಟಗಿಯ ಬಸ್ಸು ಹತ್ತಿದೆ. ಅಲ್ಲಿ ಗಡಿಯಾರ ರಿಪೇರಿಯ ಹಿರಿಯರೊಬ್ಬರಿದ್ದಾರೆ. ಈಗ ಅವರ ಅಂಗಡಿಗೆ ಬರುವವರೆಲ್ಲ ಸೆಲ್ಲು ಹಾಕಿಸಿಕೊಳ್ಳುವವರೇ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಅವರು ಡಬ್ಬಿಯ ಹಿಂದಿನ ಮೂರು ಸ್ಕ್ರೂ ಬಿಚ್ಚಿದರು. ಬಿಲ್ಲೆಗೆ ಏನೂ ಆಗಿರಲಿಲ್ಲ. ಅದರ ಅಂಚನ್ನು ಎರಡೂ ಕಡೆಯಿಂದ ಹಿಡಿದಿರಬೇಕಾದ ರಬ್ಬರಿನ ಬಳೆಗಳು ಒಣಗಿದ ಶ್ಯಾವಿಗೆಯಂತಾಗಿದ್ದವು, ಮುಟ್ಟಿದರೆ ಮುರಿಯುತ್ತಿದ್ದವು. “ಮೆತ್ತಗ ಹಿಡೀಬೇಕಾದದ್ದು ಕಲ್ಲಾಗೈತ್ರಿ. ಪಾಪ, ಇದು ಹ್ಯಾಂಗ ನಡಗಬೇಕು?” ಅಂದರು.

ಮೊದಲು ಸೈಕಲ್ಲಿನ ವಾಲ್ ಟ್ಯೂಬ್ ಕತ್ತರಿಸಿ ನೋಡಿದರು. ದಪ್ಪವಾಯಿತು. ಮುಚ್ಚಳ ಬಿಗಿದರೆ ಬಿಲ್ಲೆಯೇ ಒಡೆಯುವ ಭಯ. ಸಣ್ಣ ಸಿಲಿಕಾನ್ ನಳಿಕೆ ತರಿಸಿಕೊಳ್ಳಲು ಒಂದು ವಾರ ಹಿಡಿಯಿತು. ಅದರ ಎರಡು ತುದಿಗಳು ಸರಿಯಾಗಿ ಮುಟ್ಟಬೇಕು, ಒಂದರ ಮೇಲೊಂದು ಏರಬಾರದು, ನಡುವೆ ಸಂದೂ ಉಳಿಯಬಾರದು. ಬಿಲ್ಲೆಯ ನಡುವಿನ ಪುಟ್ಟ ಸ್ಕ್ರೂ ಕೂರಿಸಿದ ಮೇಲೆ ಒಂದು ಹನಿ ಜೇನುಮೇಣ, ಅಲ್ಲಿಂದ ಗಾಳಿ ಸೋರದಿರಲಿ ಅಂತ. ಬಹಳ ಹೊತ್ತು ಹಿಡಿದದ್ದು ಕಡ್ಡಿಯ ಎರಡು ಸ್ಪ್ರಿಂಗುಗಳು. ಸುಮ್ಮನಿದ್ದಾಗ ಕಡ್ಡಿ ಬಿಲ್ಲೆಯನ್ನು ಒಳಗೆ ಒತ್ತಲೂ ಬಾರದು, ಹೊರಗೆ ಎಳೆಯಲೂ ಬಾರದು. ಅವರು ಒಂದು ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುವುದು, ಕಡ್ಡಿಯನ್ನು ಉಗುರಿನಿಂದ ಮೀಟಿ ಕಿವಿಗೆ ಹಿಡಿಯುವುದು, ಮತ್ತೆ ತಿರುಗಿಸುವುದು. ಹೀಗೆ ಎರಡು ತಾಸು. ನನ್ನ ಓದಿನಲ್ಲಿ ಯಾವ ಪುಟಕ್ಕೂ ನಾನು ಇಷ್ಟು ಹೊತ್ತು ಕೊಟ್ಟಿಲ್ಲ.

ಭಾನುವಾರ ಅವರೇ ಯಲಬುರ್ಗಾಕ್ಕೆ ಬಂದರು, ಹಾಡುವುದನ್ನು ನೋಡಲೇಬೇಕಂತೆ. ನಾನು ಇಟ್ಟದ್ದು 1930ರ ದಶಕದ ಎಚ್‌ಎಂವಿ ಪ್ಲೇಟು, ಗಾಂಧಾರಿ ಹಾನಗಲ್ ಹೆಸರಿನದು. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಪ್ಲೇಟುಗಳು ಈ ಹೆಸರಿನಲ್ಲೇ ಬಂದವು. ಆಗ ಅವರಿಗೆ ಇಪ್ಪತ್ತರ ಆಸುಪಾಸು. ಜರ್ರೆನ್ನುವುದು ನಿಂತಿತ್ತು. ಗೆರೆ ಸವೆದ ಸದ್ದಿನ ಹಿಂದಿನಿಂದ ಒಂದು ಹೆಣ್ಣು ದನಿ ಬಂತು, ತೆಳುವಾಗಿ, ಮೇಲಕ್ಕೆ, ಹುಡುಗಿಯೊಬ್ಬಳು ಹಾಡಿದಂತೆ.

ರಿಪೇರಿಯವರ ಮುಖ ಇಳಿಯಿತು. ಧಾರವಾಡ ಆಕಾಶವಾಣಿಯಲ್ಲಿ ಅವರು ಕೇಳಿದ ಗಂಗೂಬಾಯಿಯ ದನಿ ಗಂಭೀರವಾದದ್ದು, ಗಂಡಸಿನದೋ ಹೆಂಗಸಿನದೋ ಎಂದು ಅನುಮಾನ ಬರುವಂಥದ್ದು. “ಜೋರ್ ಓಡಾಕತ್ತೈತ್ರಿ,” ಎಂದವರೇ ವೇಗದ ತಿರುಪನ್ನು ಇಳಿಸುತ್ತ ಹೋದರು. ದನಿ ದಪ್ಪವಾಗುತ್ತ ಬಂತು. ಇನ್ನೇನು ನಮಗೆ ಗೊತ್ತಿದ್ದ ಗಂಗೂಬಾಯಿ ಆಗಿಬಿಡುತ್ತಿತ್ತು.

ಒಳಗಿನಿಂದ ಅಜ್ಜಿ ಬಂದಳು. “ಯಾಕ ಆಕೀನ್ನ ಜಗ್ಗಾಕತ್ತೀರಿ? ಈಕಿ ಸಣ್ಣ ದನಿಯಾಕಿ.”

ಅಜ್ಜಿ ಈ ಮನೆಗೆ ಸೊಸೆಯಾಗಿ ಬಂದಾಗ ಪ್ಲೇಟು ಹಾಕುತ್ತಿದ್ದದ್ದು ಪಡಸಾಲೆಯಲ್ಲಿ, ಗಂಡಸರಿಗೆ. ಅವಳು ಅಡುಗೆಮನೆಯ ಗೋಡೆಯಾಚೆಯಿಂದ ಕೇಳಿದವಳು. ಪೆಟ್ಟಿಗೆಯ ಮುಂದೆ ಕೂತು ಕೇಳುತ್ತಿದ್ದದ್ದು ಅವಳಿಗೆ ಇದೇ ಮೊದಲು. ಹಾಗಂತ ಅವಳೇ ಹೇಳಿದಳು, ದೂರಿನಂತೆಯೂ ಅಲ್ಲ, ಸುಮ್ಮನೆ.

ನಾನು ಪ್ಲೇಟಿನ ಅಂಚಿಗೆ ಬಿಳಿ ಕಾಗದದ ಚೂರು ಸಿಕ್ಕಿಸಿ, ಮೊಬೈಲಿನಲ್ಲಿ ನಿಮಿಷ ಹಿಡಿದು ಎಣಿಸಿದೆ. ನಿಮಿಷಕ್ಕೆ 78 ಸುತ್ತು ಬರುವವರೆಗೆ ರಿಪೇರಿಯವರು ತಿರುಪನ್ನು ಮತ್ತೆ ಏರಿಸಿದರು. ಅಷ್ಟಾದಾಗ ಹೊರಟದ್ದು ಅಜ್ಜಿ ಹೇಳಿದ ಸಣ್ಣ ದನಿಯೇ. ಮುಂದೆ ಟಾನ್ಸಿಲ್ಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಗಂಗೂಬಾಯಿಯವರ ಕಂಠ ದಪ್ಪವಾಯಿತು. ಆ ದನಿಯಲ್ಲೇ ಅವರು ದೇಶಕ್ಕೆಲ್ಲ ಪರಿಚಿತರಾದರು. ಇದನ್ನೆಲ್ಲ ಓದಿ ಬಲ್ಲೆ. ಆದರೂ ರಿಪೇರಿಯವರು ತಿರುಪು ಇಳಿಸುವಾಗ ನನ್ನ ಕಿವಿಯೂ ‘ಹಾಂ, ಈಗ ಸರಿಯಾಗ್ತಿದೆ’ ಅನ್ನುತ್ತಿತ್ತು. ಯಾರೋ ಹೀಗೆಯೇ ತಮ್ಮ ಕಿವಿಗೆ ಸರಿಯೆನಿಸಿದ ವೇಗಕ್ಕೆ ತಿರುಗಿಸಿಕೊಂಡ ಎಷ್ಟು ಹಾಡುಗಳು ನನ್ನ ಮೊಬೈಲಿನಲ್ಲಿವೆಯೋ! ಈಗ ಟಿಪ್ಪಣಿಗಳನ್ನು ಮೊದಲಿನಿಂದ ನೋಡುತ್ತಿದ್ದೇನೆ. ಪ್ಲೇಟು ಸಿಕ್ಕಿದ ಕಡೆ ಹೋಗಿ ಸುತ್ತು ಎಣಿಸುತ್ತಿದ್ದೇನೆ. ಗೈಡ್ ಒಂದು ಅಧ್ಯಾಯ ತಡವಾಯಿತೆಂದು ಗೊಣಗುತ್ತಾರೆ.

ರಿಪೇರಿಯವರು ಐನೂರು ರೂಪಾಯಿಗಿಂತ ಹೆಚ್ಚು ಮುಟ್ಟಲಿಲ್ಲ. ಅಜ್ಜಿ ಅವರಿಗೆ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಕಾಕಾ ಗಂಗಾವತಿಯ ಮಾತೆತ್ತಲಿಲ್ಲ. ಒಂದು ಸೂಜಿಗೆ ಒಂದೇ ಮಗ್ಗುಲು, ಹಳೇ ಸೂಜಿ ಹಾಕಿದರೆ ಗೆರೆ ಕಿತ್ತುಹೋಗುತ್ತದೆ ಎಂದು ರಿಪೇರಿಯವರು ಎಚ್ಚರಿಸಿ ಹೋಗಿದ್ದರು. ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಕಾಕಾ ಪಡಸಾಲೆಯಲ್ಲಿ ಸೂಜಿಯ ಡಬ್ಬಿ ಸುರುವಿಕೊಂಡು ಎಣಿಸುತ್ತಿದ್ದ. ನಲವತ್ತಮೂರು ಇದ್ದವು.