ದತ್ತೂರಿಯ ಹಳದಿ ಹಾಲು

ಅಮರಾಪುರದ ಸುತ್ತಿನ ಹಳ್ಳಿಗಳಲ್ಲಿ ಹುಟ್ಟಿ ಬೆಳೆದವರಿಗೆ ದತ್ತೂರಿ ಗಿಡದ ಪರಿಚಯವನ್ನು ಬೇರೆಯಾಗಿ ಮಾಡಿಕೊಡಬೇಕಾದುದಿಲ್ಲ. ಕಡಲೆಕಾಯಿ ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಹೇಮಾವತಿಗೆ ಹೋಗುವ ದಾರಿಯ ಎರಡು ಮಗ್ಗುಲಲ್ಲಿ, ಶಾಲೆಯ ಹಿಂದಿನ ಬಯಲಿನಲ್ಲಿ, ನೆಲ ಎಲ್ಲಿ ಪಾಳು ಬಿದ್ದಿದೆಯೋ ಅಲ್ಲೆಲ್ಲ ಅದು ತಾನಾಗಿ ಏಳುತ್ತದೆ. ಬೂದಿ ಬಳಿದಂತಹ ಹಸುರೆಲೆ, ಎಲೆಯ ನರಗಳುದ್ದಕ್ಕೂ ಬಿಳಿಯ ಗೆರೆ, ಅಂಚಿಗೆಲ್ಲ ಮುಳ್ಳು. ತುದಿಯಲ್ಲಿ ರೇಷ್ಮೆಯ ಚೂರಿನಂತೆ ತೆಳುವಾದ ಹಳದಿ ಹೂವು. ದತ್ತೂರವೆಂದು ಉಮ್ಮತ್ತಿಯನ್ನು ಕರೆಯುವವರೂ ಉಂಟು, ಇದು ಅದಲ್ಲ. ಇದರ ದಂಟನ್ನು ಮುರಿದರೆ ಅರಿಸಿನ ಕದಡಿದಂತಹ ಹಳದಿ ಹಾಲು ಜಿನುಗುತ್ತದೆ. ನೆರೆಮನೆಯ ತೆಲುಗರು ಇದನ್ನು ಬಲುರಕ್ಕಸಿ ಎನ್ನುತ್ತಾರೆ. ಬ್ರಹ್ಮದಂಡಿ ಎಂದೂ ಕರೆಯುತ್ತಾರೆ. ನಮ್ಮ ಮಡಕಶಿರ ಸೀಮೆ ಬಹುಕಾಲ ಅನಂತಪುರ ಜಿಲ್ಲೆಯಲ್ಲಿದ್ದು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಜಿಲ್ಲೆ ಬದಲಾದರೂ ಎರಡು ಭಾಷೆಗಳ ನಡುವಣ ಬಾಳು ಹಾಗೆಯೇ ಇದೆ. ಅದರಿಂದ ಒಂದು ಗಿಡಕ್ಕೆ ಮೂರು ಹೆಸರಿರುವುದು ಇಲ್ಲಿ ಸಹಜವೇ ಸರಿ. ಆದರೆ ಮೂರು ಹೆಸರಿಟ್ಟು ಕರೆದ ನಾವು ಆ ಗಿಡವನ್ನು ಎಷ್ಟು ಕಡಮೆ ಬಲ್ಲೆವೆಂಬುದನ್ನು ನೆನೆದಾಗ ನನಗೆ ಈಗಲೂ ನಾಚಿಕೆಯಾಗುತ್ತದೆ.

ನಾನು ಏಳೆಂಟು ವರ್ಷದವನಾಗಿದ್ದಾಗ ಒಂದು ಬೇಸಗೆಯಲ್ಲಿ ನನ್ನ ಕಣ್ಣುಗಳು ಕೆಂಪಾಗಿ, ಬೆಳಗ್ಗೆ ರೆಪ್ಪೆ ಬಿಡಿಸಲಾರದಂತೆ ಅಂಟಿಕೊಂಡವು. ನಮ್ಮಜ್ಜಿ ಹಿತ್ತಿಲ ಬೇಲಿಯಿಂದ ದತ್ತೂರಿಯ ದಂಟೊಂದನ್ನು ಸೆರಗಿನಲ್ಲಿ ಹಿಡಿದು ತಂದು, ಮುರಿದು, ಒಂದೊಂದು ಕಣ್ಣಿಗೆ ಒಂದೊಂದು ಹನಿ ಬಿಟ್ಟಳು. ಉರಿಗೆ ನಾನು ಕಿರುಚಿಕೊಂಡೆ. "ಉರಿದರೇನೇ ಕಣಪ್ಪ ವಾಸಿಯಾಗೋದು" ಎಂದು ಅವಳು ನನ್ನ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದಳು. ನಾಲ್ಕು ದಿನಕ್ಕೆ ಕಣ್ಣು ತಿಳಿಯಾಯಿತು. ಕೆಂಗಣ್ಣು ಬಹುಮಟ್ಟಿಗೆ ತಾನಾಗಿಯೇ ಇಳಿಯುವ ಕಾಯಿಲೆಯೆಂಬುದು ಅವಳಿಗೂ ತಿಳಿಯದು, ನನಗೂ ತಿಳಿಯದು. ಗೆಲುವಿನ ಕೀರ್ತಿಯೆಲ್ಲ ದತ್ತೂರಿಗೆ ಸಂದಿತು.

ಇಪ್ಪತ್ತು ವರ್ಷಗಳ ತರುವಾಯ ಅದೇ ಅಜ್ಜಿಯ ಕಣ್ಣು ಮಂಜಾಗತೊಡಗಿತು. ನಮ್ಮ ಸೀಮೆಯ ಮುದುಕರಿಗೆ ಕಣ್ಣು ಮಂಜಾಗುವುದೆಂದರೆ ಪೊರೆ ಬಂದಿತೆಂದೇ ಅರ್ಥ. ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ನಡೆಸಿ ಸಾವಿರಾರು ಜನರ ಪೊರೆ ತೆಗೆದು ಬೆಳಕು ಕೊಟ್ಟ ಕಥೆಗಳು ಮನೆಮನೆಯಲ್ಲಿಯೂ ಇದ್ದವು. ಹೀಗಾಗಿ ಕಣ್ಣು ಹೋಗುವುದು ಭಯಪಡುವ ಸಂಗತಿಯಾಗಿ ಉಳಿದಿರಲಿಲ್ಲ, ಕಾಯುವ ಸಂಗತಿಯಾಗಿತ್ತು. "ಪೊರೆ ಇನ್ನೂ ಬಲೀಲಿ, ಆಮೇಲೆ ತೆಗೆಸೋಣ" ಎಂದು ಅಜ್ಜಿ ಹೇಳಿದಳು, ನಾವೂ ಒಪ್ಪಿದೆವು. ನಡುವೆ ತನ್ನ ಹಳೆಯ ಮದ್ದನ್ನು ಅವಳು ಆಗಾಗ ಹಾಕಿಕೊಳ್ಳುತ್ತಿದ್ದಳು. ಎರಡು ವರ್ಷ ಹೀಗೆ ಕಳೆಯಿತು. ನಡೆಯುವಾಗ ಪಕ್ಕದ ಬಾಗಿಲ ಚೌಕಟ್ಟಿಗೆ ಹೆಗಲು ತಾಕಿಸಿಕೊಳ್ಳುವಳು, ಎದುರಿಗೆ ಇಟ್ಟ ತಟ್ಟೆಯನ್ನು ಮಾತ್ರ ಸರಿಯಾಗಿಯೇ ಕಾಣುವಳು. ಕೊನೆಗೆ ಬೆಂಗಳೂರಿಗೆ ಕರೆದುಕೊಂಡು ಹೋದೆ. ವೈದ್ಯರು ಬಹಳ ಹೊತ್ತು ನೋಡಿ, ಇದು ಪೊರೆಯಲ್ಲ, ಗ್ಲಾಕೋಮಾ ಎಂದರು. ಒತ್ತಡದಿಂದ ಕಣ್ಣಿನ ನರ ಸೊರಗಿಹೋಗಿದೆ. ಉಳಿದಷ್ಟನ್ನು ಉಳಿಸಬಹುದು, ಹೋದುದು ಬಾರದು.

ಅವರು ಅಜ್ಜಿಯನ್ನು ಕೇಳಿದರು: "ಕಣ್ಣಿಗೆ ಏನಾದರೂ ಹಾಕಿಕೊಳ್ಳುತ್ತಿದ್ದಿರಾ ಅಮ್ಮ?" ಅಜ್ಜಿ ಸಂಕೋಚದಿಂದ ದತ್ತೂರಿಯ ಹೆಸರು ಹೇಳಿದಳು. ವೈದ್ಯರು ಬರೆಯುತ್ತಿದ್ದ ಕೈಯನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. "ಇವರ ಕಾಯಿಲೆ ವಯಸ್ಸಿನಿಂದ ಬಂದದ್ದು, ಆ ಹಾಲಿನಿಂದಲ್ಲ. ಆದರೆ ಆ ಗಿಡಕ್ಕೂ ಗ್ಲಾಕೋಮಾಕ್ಕೂ ಹಳೆಯ ನಂಟಿದೆ. ನೀವು ಮೇಷ್ಟರಲ್ಲವೆ? ಓದಿ ನೋಡಿ" ಎಂದರು.

ಓದಿದೆ. ಮೊದಲು ಕಂಡದ್ದು ಹೆಸರಿನ ವಿಚಿತ್ರ. ಗಸಗಸೆಯ ಕುಲಕ್ಕೆ ಸೇರಿದ ಈ ಗಿಡ ನಮ್ಮದಲ್ಲ. ಅಮೆರಿಕದ ಉಷ್ಣದೇಶಗಳಿಂದ ಬಂದು ನಮ್ಮ ಪಾಳುನೆಲವನ್ನೆಲ್ಲ ಆಕ್ರಮಿಸಿದ ಪರದೇಶಿ. ಲಿನೇಯಸನು ಇದಕ್ಕೆ ಇಟ್ಟ ಹೆಸರು ಆರ್ಜಿಮೋನೆ ಮೆಕ್ಸಿಕಾನಾ. ಗ್ರೀಕರ ಮಾತಿನಲ್ಲಿ 'ಆರ್ಜೆಮಾ' ಎಂದರೆ ಕಣ್ಣಿನ ಮೇಲಿನ ಬಿಳಿಯ ಮಚ್ಚೆ. ಅದನ್ನು ವಾಸಿಮಾಡುವುದೆಂದು ಪುರಾತನರು ನಂಬಿದ್ದ ಒಂದು ಗಿಡದ ಹೆಸರು ಇದಕ್ಕೆ ಬಂದು ಅಂಟಿಕೊಂಡಿತು. ಹಾಗಾದರೆ ಸಮುದ್ರದಾಚೆಯ ಗ್ರೀಕ್ ವೈದ್ಯನೂ ನಮ್ಮ ಅಜ್ಜಿಯೂ ಒಂದೇ ಬಗೆಯ ನಂಬಿಕೆಯವರೇ! ಅಜ್ಜಿಯ ನಂಬಿಕೆಗೆ ಒಂದೆಳೆಯ ಆಧಾರವೂ ಉಂಟು. ನಮ್ಮ ವೈದ್ಯರು ಕಣ್ಣಿಗೆ ಬಳಸುತ್ತಿದ್ದ ಮರದರಿಸಿನದಲ್ಲಿರುವ ಬರ್ಬರೀನ್ ಎಂಬ ಹಳದಿಯ ಸತ್ತ್ವ ದತ್ತೂರಿಯಲ್ಲಿಯೂ ಇದೆ. ಅದಕ್ಕೆ ಸೂಕ್ಷ್ಮಜೀವಿಗಳನ್ನು ತಡೆಯುವ ಶಕ್ತಿಯಿದೆ. ಆದರೆ ಅದರ ಜೊತೆಗೆ ಇನ್ನೊಂದು ಇದೆ. ಅದರ ಹೆಸರು ಸ್ಯಾಂಗ್ವಿನರೀನ್. ಅದು ವಿಷ.

ಆ ವಿಷದ ಕಥೆ 1877ರಲ್ಲಿ ಕಲ್ಕತ್ತದಲ್ಲಿ ಮೊದಲಾಗುತ್ತದೆ. ಆ ವರ್ಷ ಅಲ್ಲಿ ಜನರಿಗೆ ಇದ್ದಕ್ಕಿದ್ದಂತೆ ಕಾಲು ಊದಿ, ಭೇದಿಯಾಗಿ, ಏದುಸಿರು ಬಂದು, ಕೆಲವರು ಹೃದಯ ಸೋತು ಮಡಿದರು. ಒಂದೇ ಅಡಿಗೆಯನ್ನು ಉಣ್ಣುವ ಮನೆಮಂದಿಗೆಲ್ಲ ಒಟ್ಟಿಗೇ ಬರುತ್ತಿದ್ದುದರಿಂದ ಇದು ಅಂಟುಜಾಡ್ಯವಿರಬಹುದೆಂದು ಕೆಲವರು ಬಗೆದರು. ಅಕ್ಕಿಯ ದೋಷವೆಂದು ಮತ್ತೆ ಕೆಲವರು. ಬೆರಿಬೆರಿಯೆಂದು ಇನ್ನು ಕೆಲವರು. ಎಪಿಡೆಮಿಕ್ ಡ್ರಾಪ್ಸಿ ಎಂದು ಹೆಸರಾದ ಈ ನೀರುಬಾವಿನ ಪಿಡುಗಿನ ರೋಗಿಗಳಲ್ಲಿ ಗ್ಲಾಕೋಮಾ ಕಾಣುವುದೆಂದು 1909ರಲ್ಲಿ ಮೇನಾರ್ಡ್ ಎಂಬ ನೇತ್ರವೈದ್ಯರು ಗುರುತಿಸಿದರು. ಸಾಸಿವೆಯೆಣ್ಣೆಯಲ್ಲಿ ಬೆರೆತ ದತ್ತೂರಿಯೆಣ್ಣೆಯೇ ಇದಕ್ಕೆ ಕಾರಣವಿರಬೇಕೆಂಬ ಶಂಕೆ 1926ರಲ್ಲಿ ಹುಟ್ಟಿತು. 1937ರಲ್ಲಿ ಲಾಲ್ ಮತ್ತು ರಾಯ್ ಎಂಬವರು ಅದಕ್ಕೆ ಪ್ರಯೋಗದ ಆಧಾರವನ್ನು ಒದಗಿಸಿದರು. 1948ರಲ್ಲಿ ಎಸ್. ಎನ್. ಸರ್ಕಾರ್ ಅವರು ಆ ಎಣ್ಣೆಯಿಂದ ಸ್ಯಾಂಗ್ವಿನರೀನನ್ನು ಬೇರ್ಪಡಿಸಿದರು. 1954ರಲ್ಲಿ ಹಕೀಮ್ ಅವರು ಈ ವಿಷವನ್ನೂ ನೀರುಬಾವಿನ ಗ್ಲಾಕೋಮಾವನ್ನೂ ಕೂಡಿಸಿ ವಿವರವಾಗಿ ಬರೆದರು. ಒಂದು ಬೇಲಿಗಿಡದ ಅಪರಾಧ ಸಾಬೀತಾಗಲು ಮುಕ್ಕಾಲು ಶತಮಾನ ಹಿಡಿಯಿತು!

ಇಷ್ಟು ತಡವೇಕೆ? ಬೀಜವನ್ನು ನೋಡಿದರೆ ತಿಳಿಯುತ್ತದೆ. ದತ್ತೂರಿಯ ಕಾಯಿ ಒಣಗಿ ತುದಿಯಲ್ಲಿ ಬಿರಿದಾಗ ಉದುರುವ ಕರಿಯ ಬೀಜವನ್ನು ಸಾಸಿವೆಯೊಡನೆ ಕಲಸಿಟ್ಟರೆ ಬರಿಗಣ್ಣಿಗೆ ಬೇರೆ ಮಾಡುವುದು ಕಷ್ಟ. ಮಸೂರ ಹಿಡಿದು ನೋಡಿದರೆ ಮಾತ್ರ ದತ್ತೂರಿಯ ಬೀಜದ ಮೈಮೇಲೆ ಬಲೆ ಹೆಣೆದಂತಹ ಗೆರೆಗಳು ಕಾಣುತ್ತವೆ. ಉತ್ತರದೇಶದಲ್ಲಿ ಇವೆರಡೂ ಒಂದೇ ಕಾಲಕ್ಕೆ ಬಲಿಯುತ್ತವೆ. ಅರಿಯದೆ ಬೆರೆಯುವುದೂ ಉಂಟು, ಅರಿತು ಬೆರೆಸುವುದೂ ಉಂಟು. ನಾವು ಕಡಲೆಕಾಯಿ ಎಣ್ಣೆ ತಿನ್ನುವ ಜನ. ಸಾಸಿವೆ ನಮಗೆ ಒಗ್ಗರಣೆಗಷ್ಟೆ. ಈ ಪಿಡುಗು ನಮ್ಮ ಬಾಗಿಲಿಗೆ ಬಾರದಿರಲು ಅದೂ ಒಂದು ಕಾರಣವಿರಬೇಕು.

ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದ ಸಂಗತಿ ಮತ್ತೊಂದಿದೆ. ಈ ಒಂದು ಗಿಡವನ್ನು ತಿಳಿಯಲು ಮೂರು ಶಾಸ್ತ್ರಗಳು ಕೂಡಬೇಕಾಯಿತು. ಮೊದಲನೆಯದು ನೇತ್ರವಿಜ್ಞಾನ. ಕಣ್ಣಿನ ಮುಂಭಾಗದಲ್ಲಿ ಒಂದು ತಿಳಿನೀರು ಸದಾ ಊರುತ್ತ, ಊರಿದಷ್ಟೇ ಹರಿದುಹೋಗುತ್ತ ಇರುತ್ತದೆ. ನಮ್ಮ ಕೆರೆಯನ್ನೇ ನೆನೆಯಿರಿ. ಅಜ್ಜಿಗೆ ಬಂದಂತಹ ಸಾಮಾನ್ಯ ಗ್ಲಾಕೋಮಾದಲ್ಲಿ ತೂಬು ಕಟ್ಟಿಕೊಳ್ಳುತ್ತದೆ. ನೀರು ನಿಂತು ಒತ್ತಡ ಏರುತ್ತದೆ. ನೀರುಬಾವಿನ ಗ್ಲಾಕೋಮಾದಲ್ಲಿ ತೂಬು ಸರಿಯಾಗಿಯೇ ಇರುತ್ತದೆ, ಒಳಹರಿವೇ ಮಿತಿಮೀರುತ್ತದೆ. ಎರಡರಲ್ಲಿಯೂ ಏರಿಯ ಮೇಲೆ ಬೀಳುವ ಭಾರ ಒಂದೇ. ಆ ಭಾರಕ್ಕೆ ಮೊದಲು ಸಾಯುವುದು ಪಕ್ಕದ ನೋಟ. ಆದುದರಿಂದಲೇ ಅಜ್ಜಿಗೆ ತಟ್ಟೆ ಕಾಣುತ್ತಿತ್ತು, ಬಾಗಿಲು ಕಾಣುತ್ತಿರಲಿಲ್ಲ. ಆ ಎಣ್ಣೆಯನ್ನು ಬಿಟ್ಟು ಮದ್ದು ಮಾಡಿದರೆ ನೀರುಬಾವಿನವರ ಒತ್ತಡ ಸಾಮಾನ್ಯವಾಗಿ ಇಳಿಯುತ್ತದೆ. ಅಜ್ಜಿಯಂತಹವರಿಗೆ ಬಾಳಿನುದ್ದಕ್ಕೂ ಮದ್ದು ಬೇಕು.

ಎರಡನೆಯದು ವಿಷವಿಜ್ಞಾನ. ಲಕ್ನೋದಲ್ಲಿ 1965ರಲ್ಲಿ ಸ್ಥಾಪಿತವಾದ ವಿಷವಿಜ್ಞಾನ ಸಂಶೋಧನಾಲಯದಲ್ಲಿ ಖನ್ನಾ, ಮುಕುಲ್ ದಾಸ್ ಮೊದಲಾದವರು ಈ ಎಣ್ಣೆ ದೇಹದಲ್ಲಿ ಏನು ಮಾಡುವುದೆಂದು ವರ್ಷಗಟ್ಟಲೆ ಶೋಧಿಸಿದರು. ಕಿರಿಯ ರಕ್ತನಾಳಗಳು ಹಿಗ್ಗಿ ಸೋರುತ್ತವೆ. ಸೋರಿದ ದ್ರವ ಕಾಲಿನಲ್ಲಿ ನಿಂತು ಬಾವಾಗುತ್ತದೆ. ಮೂರನೆಯದು ಅಣುಗಳ ಭೌತಶಾಸ್ತ್ರ. ನಮ್ಮೂರಿಂದ ಅರ್ಧ ದಿನದ ಹಾದಿಯಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1971ರಲ್ಲಿ ಜಿ. ಎನ್. ರಾಮಚಂದ್ರನ್ ಅವರು ಈ ಶಾಸ್ತ್ರಕ್ಕೆಂದೇ ಒಂದು ವಿಭಾಗವನ್ನು ಕಟ್ಟಿದರು. ಕಣ್ಣಿನ ಪಾರದರ್ಶಕ ಪಟಲವು ಬಹುಪಾಲು ಯಾವ ಕೊಲಾಜನ್ನಿನಿಂದ ಆಗಿದೆಯೋ, ಅದು ಮೂರೆಳೆಯ ಹುರಿಯೆಂದು ಅವರು ಮದರಾಸಿನಲ್ಲಿದ್ದಾಗಲೇ, 1954ರಲ್ಲಿ, ತೋರಿಸಿದ್ದರು. ಇದೇ ಬಗೆಯ ದೃಷ್ಟಿಯಿಂದ ಕಲ್ಕತ್ತದಲ್ಲಿ ಮೈತಿ ಮತ್ತು ಅವರ ಸಂಗಡಿಗರು ಸ್ಯಾಂಗ್ವಿನರೀನನ್ನು ನೋಡಿದರು. ಅದರ ಅಣು ಚಪ್ಪಟೆ. ನಮ್ಮ ಆನುವಂಶಿಕ ಗುಣಗಳನ್ನು ಹೊತ್ತ ಡಿ.ಎನ್.ಎ. ಎಂಬ ಮುರಿಹಾಕಿದ ಏಣಿಯ ಮೆಟ್ಟಿಲುಗಳ ನಡುವೆ, ಪುಸ್ತಕದ ಹಾಳೆಗಳ ನಡುವೆ ಎಲೆ ಸೇರಿಸಿಟ್ಟಂತೆ, ಅದು ನುಸುಳಿ ಕೂರಬಲ್ಲದು. ಬೇಲಿಯಲ್ಲಿ ಕಂಡ ಹಳದಿ ಹಾಲಿನ ಬೆನ್ನು ಹತ್ತಿದವರು ಅಲ್ಲಿಯವರೆಗೆ ಹೋಗಬೇಕಾಯಿತು.

ಇಷ್ಟು ತಿಳಿದ ಮೇಲೂ 1998ರಲ್ಲಿ ದೆಹಲಿಯಲ್ಲಿ ಈ ಪಿಡುಗು ಮತ್ತೆ ಎದ್ದು ಅರುವತ್ತಕ್ಕೂ ಹೆಚ್ಚು ಜನ ಸತ್ತರು. ಎಣ್ಣೆಯಲ್ಲಿ ದತ್ತೂರಿ ಬೆರೆತಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದು ಬಹುಕಾಲದಿಂದ ಇತ್ತು. ಪ್ರಬಲ ನೈಟ್ರಿಕ್ ಆಮ್ಲವನ್ನು ಸೇರಿಸಿ ಕುಲುಕಿದರೆ ಆಮ್ಲದ ಪದರ ಕಿತ್ತಳೆಗೆಂಪಾಗುತ್ತದೆ. ನಾನ್ನೂರರಲ್ಲಿ ಒಂದು ಪಾಲು ಬೆರೆತಿದ್ದರೂ ತಿಳಿಯುತ್ತದೆ. ಕಾಗದದ ವರ್ಣರೇಖನದಿಂದಲಾದರೆ ಹತ್ತು ಲಕ್ಷದಲ್ಲಿ ಒಂದು ಪಾಲನ್ನೂ ಹಿಡಿಯಬಹುದು. ವಿದ್ಯೆ ಇದ್ದಿತು; ಅದು ಎಣ್ಣೆಯ ಡಬ್ಬಿಯವರೆಗೆ ನಡೆದು ಬಂದಿರಲಿಲ್ಲ.

ಇದನ್ನು ನಾನು ಬೇರೆಯವರ ಮೇಲಿನ ದೂರಾಗಿ ಹೇಳುತ್ತಿಲ್ಲ. ಕಳೆದ ಬೇಸಗೆಯ ಮುನ್ನ ಎಂಟನೆಯ ತರಗತಿಯಲ್ಲಿ ಎರಡು ಬಟ್ಟಲು ಇಟ್ಟು, ಒಂದರಲ್ಲಿ ಸಾಸಿವೆ ಒಂದರಲ್ಲಿ ದತ್ತೂರಿಯ ಬೀಜ ಹಾಕಿ, ಮಸೂರ ಕೊಟ್ಟು ಮಕ್ಕಳಿಗೆ ತೋರಿಸುತ್ತಿದ್ದೆ. ಅಲ್ಲಿಯವರೆಗೆ ಎಷ್ಟೋ ವರ್ಷ ನಾನೇ ಪುಸ್ತಕದಲ್ಲಿರುವ ಗಿಡಗಳನ್ನು ಕಲಿಸಿದ್ದೆನೇ ಹೊರತು ಕಿಟಕಿಯಾಚೆಯ ಗಿಡವನ್ನು ಕಲಿಸಿರಲಿಲ್ಲ. ಪಾಠ ಮುಗಿದ ಮೇಲೆ ಒಬ್ಬಳು ಹುಡುಗಿ ಹಿಂದೆ ಉಳಿದು, "ಸಾರ್, ನಮ್ಮ ತಮ್ಮನ ಕಣ್ಣಿಗೆ ಇವತ್ತು ಬೆಳಿಗ್ಗೆ ಇದರ ಹಾಲೇ ಹಾಕಿದ್ರು" ಎಂದಳು. ಸಂಜೆ ಅವಳ ಜೊತೆಯಲ್ಲಿ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಮಗು ಕಣ್ಣುಜ್ಜುತ್ತ ಅಳುತ್ತಿತ್ತು. ನಾನು ಹೇಳಿದ್ದನ್ನೆಲ್ಲ ಆ ಮನೆಯ ಮುದುಕಿ ಸಮಾಧಾನದಿಂದ ಕೇಳಿ, "ನಿಮ್ಮಜ್ಜಿನೂ ನಿನಗೆ ಹಾಕಿದ್ಲಲ್ಲಪ್ಪ ಮೇಷ್ಟ್ರೇ, ನಿನ್ನ ಕಣ್ಣು ಹೋಯ್ತಾ?" ಎಂದಳು.

ಡಿ.ಎನ್.ಎ.ಯ ಏಣಿಯೂ ಲಕ್ನೋದ ಸಂಶೋಧನೆಯೂ ಆ ಜಗಲಿಯ ಮೇಲೆ ನನ್ನ ನೆರವಿಗೆ ಬರಲಿಲ್ಲ. ಸ್ವಲ್ಪ ಹೊತ್ತು ತಡೆದು, "ಕತ್ತಲಲ್ಲಿ ಹಾವು ತುಳಿದೂ ಕಡಿಸಿಕೊಳ್ಳದೆ ಬಂದವರಿದ್ದಾರೆ, ಅಜ್ಜಿ. ಹಾಗಂತ ಮಗೂನ ಆ ದಾರೀಲೇ ಕಳಿಸ್ತೀವಾ?" ಎಂದೆ. ಅವಳು ಉತ್ತರ ಕೊಡಲಿಲ್ಲ. ಮಗುವಿನ ಮುಖವನ್ನು ಸೆರಗಿನಿಂದ ಒರಸಿದಳು. ಆಮೇಲೆ, "ಹಂಗಾದ್ರೆ ಏನು ಹಾಕಬೇಕು, ಹೇಳು" ಎಂದಳು.

ಇಷ್ಟು ವರ್ಷ ಪಾಠ ಹೇಳಿ ನಾನು ಕೇಳಿಸಿಕೊಂಡ ಪ್ರಶ್ನೆಗಳಲ್ಲಿ ಇದೇ ದೊಡ್ಡದೆಂದು ತೋರುತ್ತದೆ. ಒಂದು ನಂಬಿಕೆಯನ್ನು ಬಿಡು ಎಂದು ಹೇಳಿದವನು ಆ ಬರಿಗೈಗೆ ಏನನ್ನಾದರೂ ಕೊಡಬೇಕು. ಕಾಯಿಸಿ ಆರಿಸಿದ ನೀರಿನಿಂದ ಶುಚಿಯಾದ ಬಟ್ಟೆಯಲ್ಲಿ ಕಣ್ಣು ತೊಳೆಯಿರಿ, ಬೇರೇನೂ ಹಾಕಬೇಡಿ, ಬೆಳಗ್ಗೆ ಆಸ್ಪತ್ರೆಗೆ ಹೋಗೋಣ ಎಂದೆ. ಬೆಳಗ್ಗೆ ಮುದುಕಿ ಮಗುವನ್ನು ಸೊಂಟದಲ್ಲಿ ಹೊತ್ತು ಬಸ್ಸಿನ ನಿಲ್ದಾಣದಲ್ಲಿ ನನಗಿಂತ ಮುಂಚೆಯೇ ನಿಂತಿದ್ದಳು. ಅವಳ ಮುಂದಿನ ಬಯಲಲ್ಲಿ ದತ್ತೂರಿ ಎಂದಿನಂತೆ ಅರಳಿತ್ತು. ಬಸ್ಸು ಹತ್ತುವ ಮೊದಲು ಅವಳ ಕಣ್ಣುಗಳನ್ನೂ ಒಮ್ಮೆ ತೋರಿಸೋಣವೆಂದು ನಾನು ಹೇಳಿದೆ. "ನಂದು ಪೊರೆ ಕಣಪ್ಪ, ಇನ್ನೂ ಬಲೀಲಿ" ಎಂದಳು. ಈ ಸಲ ನಾನು ಒಪ್ಪಲಿಲ್ಲ.