ನೆಲದಡಿಯ ಬೆಳಕಿನ ಗೆರೆಗಳು

ಕೊಪ್ಪಳದ ಗವಿಮಠಕ್ಕೆ ಹೋದವರಿಗೆಲ್ಲ ಈ ಅನುಭವವುಂಟು. ಹೊರಗಿನ ಬಿಸಿಲಿನಿಂದ ಗವಿಯೊಳಗೆ ಕಾಲಿಟ್ಟೊಡನೆ ಕಣ್ಣಿಗೆ ಏನೂ ಕಾಣದು. ತುಸು ಹೊತ್ತು ನಿಂತರೆ ಮೊದಲು ದೀಪ, ಆಮೇಲೆ ಗದ್ದುಗೆ, ಕೊನೆಗೆ ಬಂಡೆಯ ಮೈ ಒಂದೊಂದಾಗಿ ತೋರುತ್ತವೆ. ಮಂದ ಬೆಳಕಿನಲ್ಲಿ ನೋಡುವವನಿಗೆ ತಾಳ್ಮೆ ಬೇಕು. ಬೆಂಗಳೂರಿನ ನೆಲದಡಿಯ ನಿಲ್ದಾಣದಲ್ಲಿ ನನಗೆ ಈ ಗವಿಯೇ ನೆನಪಾಯಿತು.

ಈಚೆಗೆ ಯಲಬುರ್ಗಾದ ನನ್ನ ಅಕ್ಕನೊಡನೆ ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿದ್ದೆ. ಅಲ್ಲಿ ನೌಕರಿಯಲ್ಲಿರುವ ಆಕೆಯ ಮಗ ನಮ್ಮನ್ನು ಮೆಜೆಸ್ಟಿಕ್ ಮೆಟ್ರೋ ನಿಲ್ದಾಣಕ್ಕೆ ಕರೆದೊಯ್ದ. 2016ರ ಏಪ್ರಿಲ್ ತಿಂಗಳಲ್ಲಿ ನೇರಳೆ ಮಾರ್ಗದ ಸುರಂಗ ತೆರೆದಾಗ ಬಳಕೆಗೆ ಬಂದ ನಿಲ್ದಾಣವಿದು. 2017ರಲ್ಲಿ ಹಸಿರು ಮಾರ್ಗವೂ ಇಲ್ಲಿ ಬಂದು ಕೂಡಿತು.

ಅಳಿಯನಿಗೆ ಛಾಯಾಚಿತ್ರದ ಹವ್ಯಾಸ. ಓಡುವ ಗಾಡಿಯ ಚಿತ್ರ ತೆಗೆಯಲು ಮೊದಲೇ ಅನುಮತಿ ಪಡೆದಿದ್ದ. ಹಳದಿ ಗೆರೆಯಿಂದ ದೂರದಲ್ಲಿ, ಆಸನದ ಮೇಲೆ ಕ್ಯಾಮೆರಾವನ್ನು ಅಲುಗದಂತೆ ಇರಿಸಿದ. "ಮಾಮಾ, ಕ್ಯಾಮೆರಾದ ಕಣ್ಣನ್ನು ಒಂದು ಸೆಕೆಂಡು ಪೂರ್ತಿ ತೆರೆದಿಡುತ್ತೇನೆ. ಗಂಟೆಗೆ 36 ಕಿ.ಮೀ. ವೇಗದ ಗಾಡಿ ಅಷ್ಟರಲ್ಲಿ 10 ಮೀಟರು ಸಾಗಿರುತ್ತದೆ. ಆ ಓಟವೆಲ್ಲ ಒಂದೇ ಚಿತ್ರದಲ್ಲಿ ಮೂಡುತ್ತದೆ" ಎಂದ. ಬೆರಳು ತಗುಲಿ ಅಲುಗಬಾರದೆಂದು, ಗುಂಡಿ ಒತ್ತಿದ ಎರಡು ಸೆಕೆಂಡಿನ ಬಳಿಕ ತಾನೇ ತೆರೆದುಕೊಳ್ಳುವಂತೆ ಅಣಿಗೊಳಿಸಿದ. ಫ್ಲಾಶ್ ದೀಪ ಹಾಕಲಿಲ್ಲ. ಅದು ಗಾಡಿ ನಡೆಸುವವರ ಕಣ್ಣು ಕುಕ್ಕೀತು.

ಗಾಡಿ ಬಂದಿತು, ಚಿತ್ರವೂ ಮೂಡಿತು. ಕಿಟಕಿಗಳ ಬೆಳಕು ಎಳೆದ ನೂಲಿನಂತೆ ಉದ್ದನೆಯ ಗೆರೆಗಳಾಗಿತ್ತು. ಕಂಬಗಳು ಇದ್ದಂತೆಯೇ ಇದ್ದವು. ಅವಸರದಿಂದ ನಡೆದವರೆಲ್ಲ ಹೊಗೆಯಂತೆ ಮಸುಕಾಗಿದ್ದರು. ಸ್ಪಷ್ಟವಾಗಿ ಕಂಡವಳು ಅಕ್ಕನೊಬ್ಬಳೇ. ಹೊಸ ಜಾಗದ ಅಂಜಿಕೆಯಿಂದ ಕಂಬದ ಬಳಿ ರೊಟ್ಟಿಯ ಗಂಟು ಹಿಡಿದು, ಮಗನ ಕಡೆಗೇ ನೋಡುತ್ತ ನಿಂತಿದ್ದಳು.

ಅಳಿಯ ಬಹಳ ಹೊತ್ತು ಚಿತ್ರವನ್ನೇ ನೋಡಿದ. ಎರಡು ವರ್ಷಗಳಿಂದ ಅವನಿಗೆ ಊರಿಗೆ ಬರಲು ಬಿಡುವಾಗಿರಲಿಲ್ಲ. "ಅವ್ವಾ, ಈ ಸಲ ಜಾತ್ರೆಗೆ ಬರತೀನಿ" ಎಂದ. ಅಕ್ಕ ಮಾತನಾಡದೆ ಗಂಟನ್ನು ಅವನ ಕೈಗಿತ್ತಳು.

ಶರಣರು ಸ್ಥಾವರಕ್ಕಿಂತ ಜಂಗಮವನ್ನು ಮೇಲೆಂದರು. ಆ ಚಿತ್ರದಲ್ಲಿ ಚಲಿಸುತ್ತಿದ್ದುದು ಗಾಡಿಯೊಂದೇ ಎಂದು ನನಗನ್ನಿಸಲಿಲ್ಲ. ನಿಂತಲ್ಲೇ ನಿಂತ ತಾಯಿಯ ಮನಸ್ಸು ಮಗನ ಕಡೆಗೆ ನಡೆದೇ ಇತ್ತು.

ನಮ್ಮ ಸೀಮೆಗೂ ಈಗ ಹಳಿಗಳು ಬಂದಿವೆ. 2019ರಲ್ಲಿ ಗಂಗಾವತಿಗೂ, 2025ರ ಮೇ ತಿಂಗಳಲ್ಲಿ ಕುಷ್ಟಗಿಗೂ ರೈಲು ತಲುಪಿತು. ಮಕ್ಕಳನ್ನು ದೂರದೂರಿಗೆ ಒಯ್ಯುವ ಈ ಹಳಿಗಳೇ ಅವರನ್ನು ಮರಳಿ ತರಬಲ್ಲವು. ಪುಷ್ಯಮಾಸದ ಗವಿಸಿದ್ಧೇಶ್ವರ ಜಾತ್ರೆಯಲ್ಲಿ ಅಳಿಯ ತೇರಿನ ಮುಂದೆ ಅವ್ವನ ಪಕ್ಕದಲ್ಲಿ ನಿಂತಿದ್ದ. ಅಂದು ಅವನು ಕ್ಯಾಮೆರಾ ತಂದಿರಲಿಲ್ಲ.