ಬೆಳಗಿನ ಹೊತ್ತು ಹೇಗಿರುತ್ತೆ?

ಬಸ್‌ಸ್ಟ್ಯಾಂಡಿನ ಮೂತ್ರಾಲಯದ ಗೋಡೆಗೆ ಅಂಟಿಸಿದ ‘ಪುರುಷರ ದೌರ್ಬಲ್ಯಕ್ಕೆ ಖಚಿತ ಚಿಕಿತ್ಸೆ’ ಚೀಟಿಗಳನ್ನು ಕಾಲೇಜಿನ ದಿನಗಳಲ್ಲಿ ನಾವು ಗೆಳೆಯರು ಗಟ್ಟಿಯಾಗಿ ಓದಿ ನಗುತ್ತಿದ್ದೆವು. ನನ್ನ 43ನೇ ವಯಸ್ಸಿನಲ್ಲಿ, ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡು, ಅಂಥದೇ ಒಂದು ಚೀಟಿಯ ನಂಬರನ್ನು ಮೊಬೈಲಿಗೆ ಇಳಿಸಿಕೊಂಡೆ.

ಮೊದಲ ಸಲ ಹಾಗಾದದ್ದು ಜಮೀನಿನ ವಿಷಯಕ್ಕೆ ಅಣ್ಣನ ಜೊತೆ ಜಗಳವಾಡಿ ಊರಿನಿಂದ ಬಂದ ರಾತ್ರಿ. ಮೈ ಏಳಲೇ ಇಲ್ಲ. ‘ಸುಸ್ತಾಗಿದೀರ, ಮಲಗಿ’ ಅಂದಳು ಹೆಂಡತಿ. ಅವಳಿಗದು ಅಲ್ಲಿಗೇ ಮುಗಿಯಿತು. ನನಗೆ ಶುರುವಾಯಿತು. ಮುಂದಿನ ಸಲ ನಾನು ಇಬ್ಬರಾಗಿದ್ದೆ. ಒಬ್ಬ ಅವಳ ಪಕ್ಕದಲ್ಲಿ. ಇನ್ನೊಬ್ಬ ಮಂಚದ ಕಾಲಬುಡದಲ್ಲಿ ನಿಂತು ‘ಆಗ್ತಿದೆಯಾ? ಇಳೀತಿದೆಯಾ?’ ಎಂದು ನೋಡುತ್ತಿದ್ದವನು. ಗೆದ್ದವನು ಎರಡನೆಯವನೇ. ಆಮೇಲೆ ಹಾಲಿನಲ್ಲಿ ಕೂತು ಹಳೇ ಕ್ರಿಕೆಟ್ ಮ್ಯಾಚು ನೋಡುವುದು, ಅವಳಿಗೆ ನಿದ್ದೆ ಹತ್ತಿದ ಮೇಲೆ ಒಳಗೆ ಹೋಗುವುದು ರೂಢಿಯಾಯಿತು. ಏಳು ತಿಂಗಳು ಹೀಗೇ ಕಳೆದೆ.

ಚೀಟಿಯ ನಂಬರಿಗೆ ಫೋನ್ ಮಾಡಲಿಲ್ಲ. ಅದು ವಿವೇಕವೇನಲ್ಲ, ಧೈರ್ಯ ಸಾಲಲಿಲ್ಲ ಅಷ್ಟೆ. ಕೊನೆಗೆ ಹೋದದ್ದು ಮೂತ್ರರೋಗ ತಜ್ಞರೊಬ್ಬರ ಬಳಿ. ಬಿಪಿ ನೋಡಿದರು; ಸಕ್ಕರೆ, ಕೊಲೆಸ್ಟರಾಲ್, ಹಾರ್ಮೋನು ಪರೀಕ್ಷೆಗೆ ಬರೆದುಕೊಟ್ಟರು. ಶಿಶ್ನದ ರಕ್ತನಾಳಗಳು ಹೃದಯದವಕ್ಕಿಂತ ಸಣ್ಣವು, ಹಾಗಾಗಿ ನಾಳಗಳ ಕಾಯಿಲೆ ಎಷ್ಟೋ ಸಲ ಮೊದಲು ಅಲ್ಲೇ ಕಾಣಿಸಿಕೊಳ್ಳುತ್ತದೆ ಎಂದರು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು: ‘ಬೆಳಗಿನ ಹೊತ್ತು ಹೇಗಿರುತ್ತೆ?’

ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ‘ಎದ್ದಾಗ ಸರಿಯಾಗೇ ಇರುತ್ತೆ ಡಾಕ್ಟ್ರೇ.’

ಆರೋಗ್ಯವಂತ ಗಂಡಸಿಗೆ ನಿದ್ದೆಯಲ್ಲಿ, ಹೆಚ್ಚಾಗಿ ಕನಸು ಬೀಳುವ ಹಂತಗಳಲ್ಲಿ, ರಾತ್ರಿಗೆ 3ರಿಂದ 5 ಸಲ ತಾನಾಗಿಯೇ ನಿಮಿರುತ್ತದೆ. ಹಿಂದೆ ಇದನ್ನು ಪರೀಕ್ಷಿಸಲು ಮಲಗುವ ಮುನ್ನ ಸುತ್ತಲೂ ಅಂಚೆಚೀಟಿಗಳ ಪಟ್ಟಿ ಅಂಟಿಸಿ, ಬೆಳಗ್ಗೆ ಹರಿದಿದೆಯೇ ಎಂದು ನೋಡುತ್ತಿದ್ದರಂತೆ. ಪೋಸ್ಟಾಫೀಸಿನಲ್ಲಿ ಕಾಗದ ಬರೆಯದೆ ಸ್ಟಾಂಪು ಕೊಳ್ಳುವ ಗಂಡಸನ್ನು ನೆನೆದು ಆ ಸಂಕಟದಲ್ಲೂ ನಗು ಬಂತು. ಕೊಳಾಯಿ ನೆಟ್ಟಗಿತ್ತು. ತಡೆ ಮೇಲೆ, ತಲೆಯಲ್ಲಿತ್ತು.

ಆಸೆಯ ಸಂದೇಶ ಮಿದುಳಿನಿಂದ ಬೆನ್ನುಹುರಿಗೆ ಇಳಿದು, ನರಗಳ ತುದಿಯಲ್ಲಿ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗಿ, ನಾಳಗಳ ಸ್ನಾಯು ಸಡಿಲಗೊಂಡರೆ ಮಾತ್ರ ರಕ್ತ ತುಂಬುತ್ತದೆ. ಗಟ್ಟಿಯಾಗಲು ಮೊದಲು ಸಡಿಲವಾಗಬೇಕು! ಹೆದರಿದ ಮಿದುಳು ಇದಕ್ಕೆ ತದ್ವಿರುದ್ಧ. ಹುಲಿ ಕಂಡಂತೆ ಅಡ್ರಿನಲಿನ್ ಹರಿಸಿ ಅದೇ ಸ್ನಾಯುವನ್ನು ಬಿಗಿ ಮಾಡುತ್ತದೆ. ನನ್ನ ಹುಲಿ ಮಂಚದ ಕಾಲಬುಡದಲ್ಲಿ ನಿಂತವನೇ. ಅವನಿಗೆ ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲೇ ಹೆಸರಿಟ್ಟಿದ್ದರು: ಪ್ರೇಕ್ಷಕ.

ಮಾತ್ರೆ ಕೇಳಿದೆ. ಸಿಲ್ಡೆನಾಫಿಲ್ ಎದೆನೋವಿಗೆಂದು ಪ್ರಯೋಗಕ್ಕೆ ಬಂದ ಔಷಧ. 1998ರಲ್ಲಿ ಅಮೆರಿಕದಲ್ಲಿ ಈ ತೊಂದರೆಗೆ ಅನುಮತಿ ಪಡೆಯಿತು. ರಕ್ತ ಹರಿಯಲು ನೆರವಾಗುತ್ತದೆ, ಆಸೆ ಹುಟ್ಟಿಸುವುದಿಲ್ಲ. ‘ಬೇಕಾದ್ರೆ ಆಮೇಲೆ ಕೊಡೋಣ. ಮನೆಯವರಿಗೆ ಹೇಳಿದೀರಾ?’ ಎಂದರು.

ಹೇಳಿರಲಿಲ್ಲ. ಆ ರಾತ್ರಿ ಟೀವಿ ಆರಿಸಿ ಹೇಳಿದೆ. ಅವಳು ತುಂಬ ಹೊತ್ತು ಸೆರಗಿನ ಅಂಚು ಸುತ್ತುತ್ತ ಕೂತಿದ್ದಳು. ‘ನಾನು ದಪ್ಪ ಆಗಿದೀನಿ, ಅದಕ್ಕೇ ನಿಮಗೆ ಬೇಡವಾಗಿದೀನಿ ಅಂದ್ಕೊಂಡಿದ್ದೆ’ ಎಂದಳು. ಮೂರು ತಿಂಗಳಿಂದ ಅವಳು ರಾತ್ರಿ ಅನ್ನ ಬಿಟ್ಟು ಸೌತೆಕಾಯಿ ತಿನ್ನುತ್ತಿದ್ದುದನ್ನು ನಾನು ದಿನವೂ ನೋಡಿದ್ದೆ. ಯಾಕೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ವರದಿಗಳು ಸರಿಯಾಗಿಯೇ ಬಂದವು, ಸಕ್ಕರೆ ಮಾತ್ರ ಗಡಿಯಲ್ಲಿತ್ತು. ಮೂರು ವಾರ ಸಂಭೋಗವೇ ಬೇಡ, ಸುಮ್ಮನೆ ಮುಟ್ಟಿಕೊಂಡು ಮಲಗಿ ಎಂದು ಡಾಕ್ಟರು ಅಪ್ಪಣೆ ಕೊಟ್ಟರು. ಪರೀಕ್ಷೆಯೇ ಇಲ್ಲದ ಮೇಲೆ ಫೇಲಾಗುವ ಭಯವೆಲ್ಲಿ? ಎರಡನೇ ವಾರದಲ್ಲೇ ನಾವು ಅಪ್ಪಣೆ ಮೀರಿದೆವು.

ಈಗಲೂ ಕೆಲವು ರಾತ್ರಿ ಅವನು ಬಂದು ನಿಲ್ಲುತ್ತಾನೆ. ನನ್ನ ಮೈ ಬಿಗಿಯಾದದ್ದು ಇವಳಿಗೆ ಗೊತ್ತಾಗಿಬಿಡುತ್ತದೆ. ‘ಬಂದ್ನಾ ನಿಮ್ಮ ಪ್ರೇಕ್ಷಕ?’ ಎಂದು ಕತ್ತಲಲ್ಲೇ ಕೇಳುತ್ತಾಳೆ.